ಕ್ರೊಯೇಷಿಯಾದ ಕಡಲ ದಾರಿ: ಗೆಳತಿಯೊಡನೆ ಕಾರಿನಲ್ಲಿ ಹೋಗುವುದಕ್ಕೆ ಸಲಹೆ ಬೇಕು

ಅಲೆಮಾರಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವಿಬ್ಬರು ಗೆಳತಿಯರು ಬರುವ ಸೆಪ್ಟೆಂಬರ್ ಕೊನೆಯಲ್ಲಿ ಆಡ್ರಿಯಾಟಿಕ್ ಸಮುದ್ರದ ಪೂರ್ವ ದಡವನ್ನು ಹಿಡಿದು ಕಾರಿನಲ್ಲಿ ಪ್ರವಾಸ ಮಾಡಬೇಕೆಂದುಕೊಂಡಿದ್ದೇವೆ. ಅವಳು ಹಲವು ವರ್ಷಗಳಿಂದ ಮ್ಯೂನಿಕ್‌ನಲ್ಲಿ ನೆಲೆಸಿದ್ದಾಳೆ. ಅವಳಲ್ಲಿ ಜರ್ಮನಿಯ ಚಾಲನಾ ಪರವಾನಗಿಯೂ ಸ್ವಂತ ಕಾರೂ ಇವೆ. ನಾನು ಮೈಸೂರಿನಿಂದ ಹೋಗಿ ಅವಳನ್ನು ಸೇರಿಕೊಳ್ಳಬೇಕು. ನಮ್ಮ ಕೈಯಲ್ಲಿರುವುದು ಹೆಚ್ಚೆಂದರೆ ಎರಡು ವಾರ.

ನಕ್ಷೆಯನ್ನು ಮುಂದಿಟ್ಟುಕೊಂಡು ನಾವು ಮಾಡಿದ ಮೊದಲ ಪಟ್ಟಿ ಹೀಗಿದೆ: ಸ್ಲೊವೇನಿಯಾದ ಪಿರಾನ್, ರಿಯೇಕ, ಪ್ಲಿಟ್ವಿತ್ಸೆ ಸರೋವರಗಳು, ಜಾದರ್, ಶಿಬೆನಿಕ್, ಸ್ಪ್ಲಿಟ್, ಹ್ವಾರ್ ಮತ್ತು ಕೋರ್ಚುಲ ದ್ವೀಪಗಳು, ಡುಬ್ರೋವ್ನಿಕ್, ಕೊನೆಗೆ ಮಾಂಟೆನೆಗ್ರೊದ ಕೋಟೋರ್. ಇಷ್ಟೆಲ್ಲವೂ ಎರಡು ವಾರದಲ್ಲಿ ಆಗುವ ಮಾತೇ? ಸ್ವಂತ ಕಾರಿನಲ್ಲಿ ಹೋಗುವುದು ಒಳ್ಳೆಯದೋ, ಅಲ್ಲಿಯೇ ಬಾಡಿಗೆಗೆ ಪಡೆಯುವುದು ಒಳ್ಳೆಯದೋ? ನಾನು ಸಸ್ಯಾಹಾರಿ ಎಂಬುದನ್ನೂ ಹೇಳಿಬಿಡುತ್ತೇನೆ. ಈ ದಾರಿಯನ್ನು ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಈಸಾರ್ ದಂಡೆ, ಮ್ಯೂನಿಕ್

ಕಾರಿನ ವಿಷಯವನ್ನು ನಾನು ಹೇಳುತ್ತೇನೆ; ಮಿಕ್ಕಿದ್ದನ್ನು ಬಲ್ಲವರು ಇಲ್ಲಿದ್ದಾರೆ.

ಸ್ವಂತ ಕಾರಾದರೆ ನೀವು ಮೊದಲು ನೋಡಬೇಕಾದದ್ದು ವಿಮೆಯ ಪತ್ರವನ್ನು. ಜರ್ಮನಿಯ ವಾಹನ ವಿಮೆಯಲ್ಲಿ ಯಾರು ಯಾರು ಆ ಕಾರನ್ನು ಓಡಿಸಬಹುದು ಎಂಬುದನ್ನು ಸಾಮಾನ್ಯವಾಗಿ ಮೊದಲೇ ನಮೂದಿಸಿರುತ್ತಾರೆ. ನಿಮ್ಮ ಗೆಳತಿಯ ಹೆಸರು ಮಾತ್ರ ಇದ್ದು ಸ್ಟಿಯರಿಂಗ್ ನಿಮ್ಮ ಕೈಯಲ್ಲಿದ್ದಾಗ ಏನಾದರೂ ಸಂಭವಿಸಿದರೆ ತೊಂದರೆಯಾಗುತ್ತದೆ. ಅವರು ವಿಮಾ ಕಂಪನಿಗೆ ಒಂದು ಮಿಂಚಂಚೆ ಕಳಿಸಿ ನಿಮ್ಮ ಹೆಸರನ್ನು ಪ್ರವಾಸದ ಅವಧಿಗೆ ಸೇರಿಸಿಕೊಳ್ಳಲಿ. ನೀವು ಮೈಸೂರಿನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದುಕೊಳ್ಳಿ. ಅದಕ್ಕೆ ಒಂದು ವರ್ಷದ ಅವಧಿ ಇರುತ್ತದೆ, ಮೂಲ ಪರವಾನಗಿಯೂ ಜೊತೆಗಿರಬೇಕು.

ದಾರಿಯ ಸುಂಕಗಳು ಪ್ರತಿ ದೇಶದಲ್ಲಿ ಬೇರೆ ಬೇರೆ. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್, ಎಂದರೆ ಇಂತಿಷ್ಟು ದಿನಕ್ಕೆಂದು ಮೊದಲೇ ಕೊಳ್ಳುವ ಸುಂಕದ ಚೀಟಿ, ಬೇಕು. ಅದಿದ್ದರೂ ಟೌವರ್ನ್ ಮತ್ತು ಕಾರವಾಂಕನ್ ಸುರಂಗಗಳಿಗೆ ಪ್ರತ್ಯೇಕವಾಗಿ ತೆರಬೇಕು. ಸ್ಲೊವೇನಿಯಾದಲ್ಲಿ 2022ರಿಂದ ವಿನ್ಯೆಟ್ ಎಂದರೆ ಕಾರಿನ ನೋಂದಣಿ ಸಂಖ್ಯೆಗೆ ಜೋಡಿಸಿದ ಡಿಜಿಟಲ್ ದಾಖಲೆ, ಆದ್ದರಿಂದ ಸಂಖ್ಯೆಯನ್ನು ಎರಡು ಸಲ ನೋಡಿ ಟೈಪ್ ಮಾಡಿ. ಕ್ರೊಯೇಷಿಯಾದಲ್ಲಿ ಹೆದ್ದಾರಿಗಳಿಗೆ ಮಾತ್ರ ಸುಂಕವಿದ್ದು, ನೀವು ಹೋಗಬೇಕೆಂದಿರುವ ಕಡಲ ದಾರಿಗೆ ಏನೂ ಕೊಡಬೇಕಿಲ್ಲ.

ಬಾಡಿಗೆ ಕಾರಿನ ಅನುಕೂಲ ಬೇರೆಯದು. ರಿಯೇಕದಲ್ಲಿ ಪಡೆದು ಡುಬ್ರೋವ್ನಿಕ್‌ನಲ್ಲಿ ಬಿಟ್ಟರೆ ಬಂದ ದಾರಿಗೆ ಮರಳಬೇಕಿಲ್ಲ. ಅಲ್ಲಿಂದಲೇ ವಿಮಾನ ಹತ್ತಬಹುದು. ಒಂದೇ ದೇಶದೊಳಗೆ ಬೇರೆ ಊರಿನಲ್ಲಿ ಬಿಡುವುದಕ್ಕೆ ಹೆಚ್ಚುವರಿ ಶುಲ್ಕವಿದ್ದರೂ ಅದು ತಾಳಿಕೊಳ್ಳುವಂತಿರುತ್ತದೆ, ಬೇರೆ ದೇಶದಲ್ಲಿ ಬಿಡುವುದು ದುಬಾರಿ. ಎರಡನೆಯ ಚಾಲಕಿಯ ಹೆಸರನ್ನು ಸೇರಿಸಲು ದಿನಕ್ಕಿಷ್ಟು ಎಂದು ಕೇಳುತ್ತಾರೆ. ಕಾರನ್ನು ದೋಣಿಗೆ ಹತ್ತಿಸಲು ಅನುಮತಿ ಇದೆಯೇ, ವಿಮೆ ಅಲ್ಲಿಯೂ ಅನ್ವಯಿಸುತ್ತದೆಯೇ ಎಂಬುದನ್ನು ಕರಾರು ಪತ್ರದಲ್ಲಿ ಓದಿ ತಿಳಿದುಕೊಳ್ಳಿ.

ಇನ್ನೊಂದು ಮಾತು. ಸೆಪ್ಟೆಂಬರ್ ಮೂರನೆಯ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ ಮ್ಯೂನಿಕ್‌ನಲ್ಲಿ ಅಕ್ಟೋಬರ್ ಉತ್ಸವ ನಡೆಯುತ್ತದೆ. ಆಗ ವಿಮಾನದ ದರವೂ ಏರಿರುತ್ತದೆ, ದಾರಿಯಲ್ಲಿ ದಟ್ಟಣೆಯೂ ಇರುತ್ತದೆ. ವಾರದ ನಡುವೆ ಬಂದಿಳಿದು ವಾರದ ನಡುವೆಯೇ ಹೊರಡುವುದು ಲೇಸು.

ಕಡಲತಡಿ, ಕುಂದಾಪುರ

ಅಲೆಮಾರಿಯವರೇ, ನಿಮ್ಮ ಪಟ್ಟಿಯನ್ನು ನೋಡಿದ ಕೂಡಲೇ ಅನ್ನಿಸಿದ್ದನ್ನು ಹೇಳುತ್ತೇನೆ: ಅದರಲ್ಲಿ ಊರುಗಳಿವೆ, ದಾರಿ ಇಲ್ಲ. ರಿಯೇಕದಿಂದ ಡುಬ್ರೋವ್ನಿಕ್‌ವರೆಗಿನ ಡಿ-8 ರಸ್ತೆ, ಅಲ್ಲಿನವರು ಯಾದ್ರಾನ್ಸ್ಕ ಮಗಿಸ್ತ್ರಾಲ ಎಂದು ಕರೆಯುವ ಆ ಸುಮಾರು 600 ಕಿಲೋಮೀಟರ್, ಈ ಪ್ರವಾಸದ ಜೀವಾಳ. ಯುಗೊಸ್ಲಾವಿಯಾದ ಕಾಲದಲ್ಲಿ, ಬಹುಪಾಲು 1960ರ ದಶಕದಲ್ಲಿ, ಸುಣ್ಣಕಲ್ಲಿನ ಬೆಟ್ಟದ ಪಕ್ಕೆಯನ್ನು ಕಡಿದು ಮಾಡಿದ ರಸ್ತೆ ಅದು. ಆಚೆ ಬೆಟ್ಟದ ಹಿಂದೆ ಎ-1 ಹೆದ್ದಾರಿ ಇದೆ, ಅದರಲ್ಲಿ ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಹೋಗಬಹುದು. ಆದರೆ ಹಾಗೆ ಹೋದವರಿಗೆ ಸಮುದ್ರ ಕಾಣಿಸುವುದು ತೀರ ಕಡಿಮೆ. ಡಿ-8ರಲ್ಲಿ ಊರೊಳಗೆ 50, ಹೊರಗೆ 90ರ ಮಿತಿ ಇದ್ದರೂ ತಿರುವುಗಳು ನಿಮ್ಮನ್ನು ಅಷ್ಟು ವೇಗಕ್ಕೆ ಬಿಡುವುದಿಲ್ಲ. ನಕ್ಷೆಯ ಆ್ಯಪ್ ಹೇಳುವ ಸಮಯಕ್ಕೆ ಅರ್ಧದಷ್ಟು ಸೇರಿಸಿಕೊಂಡೇ ದಿನದ ದೂರವನ್ನು ನಿಗದಿ ಮಾಡಿ.

ಉತ್ತರದಿಂದ ದಕ್ಷಿಣಕ್ಕೇ ಹೋಗಿ, ಇದರಲ್ಲಿ ಎರಡನೆಯ ಯೋಚನೆ ಬೇಡ. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ, ದಕ್ಷಿಣಕ್ಕೆ ಹೋಗುವಾಗ ಸಮುದ್ರವೂ ಬಲಕ್ಕೇ ಇರುತ್ತದೆ. ನೋಟ ಚೆನ್ನಾಗಿರುವ ಕಡೆ ಮಾಡಿರುವ ತಂಗುಜಾಗಗಳಿಗೆ ಎದುರು ಬರುವ ವಾಹನಗಳನ್ನು ದಾಟದೆ ನೇರವಾಗಿ ಇಳಿಯಬಹುದು, ಮತ್ತೆ ಅಷ್ಟೇ ಸುಲಭವಾಗಿ ರಸ್ತೆಗೆ ಸೇರಬಹುದು. ಬಲಗಡೆಯ ಚಾಲನೆ ಅಭ್ಯಾಸವಿಲ್ಲದ ನಿಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ. ಬಲಗಡೆಯ ಸೀಟಿನಲ್ಲಿ ಕುಳಿತವರಿಗೆ ನೀರಿಗೂ ತಮಗೂ ನಡುವೆ ಏನೂ ಇರುವುದಿಲ್ಲ. ಆದ್ದರಿಂದ ಚಾಲಕಿಯರು ಸರದಿಯಂತೆ ಬದಲಾಗುವುದು ನ್ಯಾಯ.

ಮೊದಲ ಭಾಗ, ಎಂದರೆ ಸೆನ್ಯ್ ಊರಿನಿಂದ ಕಾರ್ಲೊಬಾಗ್ ಕಡೆಗೆ ವೆಲೆಬಿಟ್ ಪರ್ವತದ ಬುಡದಲ್ಲಿ ಸಾಗುವ ದಾರಿ, ಬಹಳ ಜನ ಬಿಟ್ಟುಬಿಡುವ ಭಾಗ. ನನಗೆ ಅದೇ ಎಲ್ಲಕ್ಕಿಂತ ಮಿಗಿಲು. ಎಡಕ್ಕೆ ಬೆಟ್ಟ ನೆಟ್ಟಗೆ ಏಳುತ್ತದೆ. ಬಲಕ್ಕೆ, ಕಿರಿದಾದ ನೀರಿನಾಚೆ, ಪಾಗ್ ದ್ವೀಪ ಒಂದು ಹಸಿರು ಕಡ್ಡಿಯೂ ಇಲ್ಲದೆ ಬೂದುಬಿಳುಪಾಗಿ ಮಲಗಿರುತ್ತದೆ. ಅದನ್ನು ಹಾಗೆ ಮಾಡಿದ್ದು ಬುರಾ ಎಂಬ ಗಾಳಿ. ವೆಲೆಬಿಟ್‌ನ ಹಿಂದೆ ಒಳನಾಡಿನಲ್ಲಿ ಶೇಖರವಾದ ತಣ್ಣನೆಯ, ಭಾರವಾದ ಗಾಳಿ ಕಣಿವೆಯ ಬಾಯಿಗಳಿಂದ ಸಮುದ್ರಕ್ಕೆ ಧುಮುಕುತ್ತದೆ. ಅಲೆಗಳ ತುದಿಯನ್ನು ಸೀಳಿ ಉಪ್ಪುನೀರನ್ನು ದ್ವೀಪದ ಮೇಲೆ ಎರಚುತ್ತದೆ. ಆ ಉಪ್ಪನ್ನು ತಾಳಿಕೊಳ್ಳುವ ಕುರುಚಲು ಗಿಡಗಳನ್ನಷ್ಟೇ ಅಲ್ಲಿನ ಕುರಿಗಳು ಮೇಯುತ್ತವೆ. ಪಾಗ್‌ನ ಚೀಸ್‌ಗೆ ಇರುವ ವಿಶೇಷ ರುಚಿಗೆ ಅದೂ ಒಂದು ಕಾರಣ ಎನ್ನುತ್ತಾರೆ.

ಬುರಾ ಚಳಿಗಾಲದಲ್ಲಿ ಹೆಚ್ಚು, ಆದರೆ ಸೆಪ್ಟೆಂಬರ್‌ನಲ್ಲಿ ಬರುವುದೇ ಇಲ್ಲವೆಂದು ತಿಳಿಯಬೇಡಿ. ಆಕಾಶ ಸ್ವಚ್ಛವಾಗಿದ್ದು ವೆಲೆಬಿಟ್‌ನ ನೆತ್ತಿಯ ಮೇಲೆ ಮಾತ್ರ ಬಿಳಿ ಮೋಡ ಟೋಪಿಯಂತೆ ಕುಳಿತಿದ್ದರೆ ಅದು ಬರುವ ಸೂಚನೆ. ಜೋರಾದಾಗ ಈ ರಸ್ತೆಯನ್ನು ಮೊದಲು ದೊಡ್ಡ ವಾಹನಗಳಿಗೂ ಬೈಕ್‌ಗಳಿಗೂ, ಆಮೇಲೆ ಎಲ್ಲ ವಾಹನಗಳಿಗೂ ಮುಚ್ಚುತ್ತಾರೆ. ಕ್ರೊಯೇಷಿಯಾದ ಆಟೋ ಕ್ಲಬ್ ಆದ ಎಚ್‌ಎಕೆ ದಿನವಿಡೀ ರಸ್ತೆಗಳ ಸ್ಥಿತಿಯನ್ನು ಪ್ರಕಟಿಸುತ್ತದೆ. ಬೆಳಗಿನ ಕಾಫಿಗೆ ಮುಂಚೆ ಅದನ್ನು ನೋಡಿ. ಗಾಳಿ ಇಲ್ಲದ ದಿನವಾದರೆ ಪ್ರಿಜ್ನ ಎಂಬಲ್ಲಿ ಕೆಳಗಿಳಿದು ಕಾರಿನ ಸಮೇತ ದೋಣಿಯಲ್ಲಿ ಪಾಗ್‌ಗೆ ದಾಟಬಹುದು. ಕಾಲು ಗಂಟೆಯಷ್ಟು ಹೊತ್ತಿನ ದಾಟುವಿಕೆ. ದ್ವೀಪದ ಇನ್ನೊಂದು ತುದಿಯ ಸೇತುವೆಯ ಮೂಲಕ ಜಾದರ್ ಸೇರಬಹುದು.

ಜಾದರ್‌ನಲ್ಲಿ ಸಂಜೆ ಸಮುದ್ರದ ಮೆಟ್ಟಿಲುಗಳ ಮೇಲೆ ಕುಳಿತುಕೊಳ್ಳಿ. ವಾಸ್ತುಶಿಲ್ಪಿ ನಿಕೋಲಾ ಬಾಶಿಚ್ 2005ರಲ್ಲಿ ಅಲ್ಲಿ ಮಾಡಿದ ಸಮುದ್ರದ ವಾದ್ಯದಲ್ಲಿ, ಮೆಟ್ಟಿಲ ಕೆಳಗಿನ ಕೊಳವೆಗಳಿಗೆ ಅಲೆ ನುಗ್ಗಿದಂತೆ ಒಳಗಿನ ಗಾಳಿ ಹೊರಕ್ಕೆ ತಳ್ಳಲ್ಪಟ್ಟು ಸ್ವರವಾಗುತ್ತದೆ. ಹಡಗು ಹಾದುಹೋದಾಗ ಸ್ವರಗಳು ದಟ್ಟವಾಗುತ್ತವೆ, ನೀರು ಸುಮ್ಮನಾದಾಗ ವಿರಳವಾಗುತ್ತವೆ.

ಕೋಟೋರ್ ಮತ್ತು ಪಿರಾನ್ ಎರಡನ್ನೂ ಪಟ್ಟಿಯಿಂದ ತೆಗೆಯಿರಿ ಎನ್ನುವುದು ನನ್ನ ಖಚಿತ ಸಲಹೆ.

ದಾಖಲೆ ಪತ್ರ

ವೀಸಾ ಬಗ್ಗೆ ಚುಟುಕಾಗಿ. ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್ ವಲಯವನ್ನೂ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಒಕ್ಕೂಟ) ಯೂರೊವನ್ನೂ ಒಟ್ಟಿಗೇ ಸೇರಿತು, ಆದ್ದರಿಂದ ಒಂದೇ ವೀಸಾ, ಒಂದೇ ನಾಣ್ಯ ಸಾಕು. ನೀವು ಇಳಿಯುವುದು ಮ್ಯೂನಿಕ್‌ನಲ್ಲೇ ಆದರೂ ಹೆಚ್ಚು ದಿನ ತಂಗುವುದು ಕ್ರೊಯೇಷಿಯಾದಲ್ಲಾದರೆ ಅರ್ಜಿಯನ್ನು ಕ್ರೊಯೇಷಿಯಾಕ್ಕೇ ಸಲ್ಲಿಸಬೇಕು. ಜರ್ಮನಿಯಲ್ಲಿ ಗೆಳತಿ ಇದ್ದಾರೆಂಬ ಕಾರಣಕ್ಕೆ ಜರ್ಮನಿಗೆ ಸಲ್ಲಿಸುವುದು ಸರಿಯಲ್ಲ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಮಾಂಟೆನೆಗ್ರೊ ಷೆಂಗೆನ್‌ನ ಹೊರಗಿದೆ. ಅಲ್ಲಿಗೆ ಹೋಗಿ ಮರಳುವುದಾದರೆ ನಿಮ್ಮ ವೀಸಾ ಹಲವು ಪ್ರವೇಶದ್ದಾಗಿರಬೇಕು, ಇಲ್ಲವಾದರೆ ಮರಳಿ ಒಳಬರಲಾಗದು. ಷೆಂಗೆನ್ ಒಳಗೇ ಇದ್ದರೂ ಸ್ಲೊವೇನಿಯಾ 2023ರ ಅಕ್ಟೋಬರ್‌ನಲ್ಲಿ ಕ್ರೊಯೇಷಿಯಾ ಗಡಿಯ ತಪಾಸಣೆಯನ್ನು ತಾತ್ಕಾಲಿಕವಾಗಿ ಮತ್ತೆ ಆರಂಭಿಸಿತು. ಆದ್ದರಿಂದ ಪಾಸ್‌ಪೋರ್ಟನ್ನು ಡಿಕ್ಕಿಯ ಚೀಲದಲ್ಲಿಡದೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಗೆಳತಿಯೂ ತಮ್ಮ ವಾಸದ ಪರವಾನಗಿಯ ಕಾರ್ಡನ್ನು ಮರೆಯದಿರಲಿ.

ಅಲೆಮಾರಿ, ಮೈಸೂರು

ಇಷ್ಟು ಶ್ರದ್ಧೆಯಿಂದ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕಡಲತಡಿಯವರು ಬರೆದದ್ದನ್ನು ನಿನ್ನೆ ರಾತ್ರಿ ಫೋನಿನಲ್ಲಿ ಗೆಳತಿಗೆ ಓದಿ ಹೇಳಿದೆ. ಪಿರಾನ್ ಬಿಡಲು ಇಬ್ಬರಿಗೂ ಒಪ್ಪಿಗೆಯಾಯಿತು. ಆದರೆ ಅವಳಿಗೆ ಹಳೆಯ ಪಟ್ಟಣಗಳು, ಕೋಟೆ, ಗುಡಿ, ಕಲ್ಲಿನ ಕೆಲಸ ಎಂದರೆ ಪ್ರಾಣ. ನನಗೆ ನೀರು ಮುಖ್ಯ. ನಾನು ದಿನಕ್ಕೊಮ್ಮೆಯಾದರೂ ಈಜಬೇಕು. ಪ್ಲಿಟ್ವಿತ್ಸೆಯನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬುದೂ ತೀರ್ಮಾನವಾಗಿಲ್ಲ. ಇಬ್ಬರ ಆಸೆಯೂ ನೆರವೇರುವಂಥ ದಾರಿ ಇದೆಯೇ?

ಕಲ್ಲುಚಪ್ಪಡಿ

ನಿಮ್ಮ ಗೆಳತಿಯ ಪರವಾಗಿ ನಾನು ಮಾತನಾಡುತ್ತೇನೆ. ಈ ದಡದಲ್ಲಿ ಕಲ್ಲೂ ನೀರೂ ಒಂದೇ ಕಡೆ ಇವೆ, ಆರಿಸಿಕೊಳ್ಳುವ ಕಷ್ಟವಿಲ್ಲ. ಬೆಳಗ್ಗೆ ಬಿಸಿಲೇರುವ ಮುನ್ನ ಪಟ್ಟಣದಲ್ಲಿ ನಡೆದಾಡಿ, ಮಧ್ಯಾಹ್ನದ ಮೇಲೆ ನೀರಿಗಿಳಿಯಬಹುದು. ಆದರೆ ಪ್ಲಿಟ್ವಿತ್ಸೆ ಬೆಟ್ಟದಾಚೆಯ ಒಳನಾಡಿನಲ್ಲಿದೆ. ಬಹಳ ಸುಂದರವಾದ ಜಾಗ, ನಿಜ. ಆದರೆ ಅಲ್ಲಿ ಈಜುವಂತಿಲ್ಲ, ಗಂಟೆ ನಿಗದಿಯಾದ ಟಿಕೆಟ್ ಮೊದಲೇ ಪಡೆಯಬೇಕು, ಹೋಗಿ ಬರುವಷ್ಟರಲ್ಲಿ ಕಡಲ ಒಂದು ದಿನ ಹೋಗಿರುತ್ತದೆ. ಜಲಪಾತ ನೋಡಲೇಬೇಕೆಂದಿದ್ದರೆ ಶಿಬೆನಿಕ್ ಪಕ್ಕದ ಕ್ರ್‌ಕ ನದಿಗೆ ಹೋಗಿ. ಆದರೆ 2021ರಿಂದ ಅಲ್ಲಿನ ಸ್ಕ್ರಾದಿನ್ಸ್ಕಿ ಬುಕ್ ಜಲಪಾತದ ಬುಡದಲ್ಲೂ ಈಜುವುದನ್ನು ನಿಷೇಧಿಸಿದ್ದಾರೆ, ಹಳೆಯ ಚಿತ್ರಗಳನ್ನು ನೋಡಿ ಈಜುಡುಗೆ ಹಿಡಿದು ಹೋಗಬೇಡಿ.

ಶಿಬೆನಿಕ್‌ಗೆ ಒಂದು ಇಡೀ ಬೆಳಗನ್ನು ಕೊಡಿ. ಅಲ್ಲಿನ ಸಂತ ಯಾಕೋಬರ ಮಹಾದೇವಾಲಯದ ಕೆಲಸ 1431ರಲ್ಲಿ ಆರಂಭವಾಗಿ ಮುಗಿಯುವಷ್ಟರಲ್ಲಿ ಒಂದು ಶತಮಾನ ಕಳೆದಿತ್ತು. ಗೋಡೆಯಷ್ಟೇ ಅಲ್ಲ, ಕಮಾನಿನ ಛಾವಣಿಯೂ ಗುಮ್ಮಟವೂ ಕಲ್ಲೇ. ಮರದ ಜಂತೆಯಿಲ್ಲ, ಇಟ್ಟಿಗೆಯಿಲ್ಲ. ತೋಡು ಕೊರೆದ ಕಲ್ಲಿನ ಪಟ್ಟಿಗಳ ನಡುವೆ ಚಪ್ಪಡಿಗಳನ್ನು ಕೂರಿಸಿ ಒಂದಕ್ಕೊಂದು ಬಿಗಿಯುವ ಆ ವಿಧಾನ ಬಡಗಿಯ ಕೆಲಸವನ್ನು ಕಲ್ಲಿನಲ್ಲಿ ಮಾಡಿದಂತಿದೆ. ಹೊರಗೋಡೆಯ ಬುಡದಲ್ಲಿ ಶಿಲ್ಪಿ ಯುರೈ ದಾಲ್ಮಾತಿನಾತ್ಸ್ ಕೆತ್ತಿಸಿದ ಎಪ್ಪತ್ತಕ್ಕೂ ಹೆಚ್ಚು ಮುಖಗಳ ಸಾಲಿದೆ. ಅವು ಸಂತರ ಮುಖಗಳಲ್ಲ; ಒಬ್ಬ ಹುಬ್ಬುಗಂಟಿಕ್ಕಿದ್ದಾನೆ, ಇನ್ನೊಬ್ಬ ಬಾಯಿ ತೆರೆದಿದ್ದಾನೆ, ಕೆಲವರಿಗೆ ದಪ್ಪ ಮೀಸೆಯಿದೆ. ನಿಮ್ಮ ಕಣ್ಣಿನ ಎತ್ತರಕ್ಕಿಂತ ತುಸು ಮೇಲಿರುವುದರಿಂದ ಒಂದೊಂದನ್ನೂ ನಿಂತು ನೋಡಬಹುದು. ಈ ಕಟ್ಟಡವನ್ನು ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸ್ಪ್ಲಿಟ್‌ನಲ್ಲಿ ಊರೇ ಅರಮನೆಯೊಳಗಿದೆ. ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರಿ.ಶ. 305ರಲ್ಲಿ ಅಧಿಕಾರ ಬಿಟ್ಟು ಬಂದು ನೆಲೆಸಿದ ಅರಮನೆಯ ಗೋಡೆಗಳಿಗೆ ಅಂಟಿಕೊಂಡೇ ಈಗಲೂ ಜನರು ಸಂಸಾರ ಮಾಡುತ್ತಾರೆ, ಕಿಟಕಿಗಳ ನಡುವೆ ಬಟ್ಟೆ ಒಣಹಾಕುತ್ತಾರೆ. ಕ್ರೈಸ್ತರನ್ನು ಕಠೋರವಾಗಿ ದಮನ ಮಾಡಿದ ಆ ಚಕ್ರವರ್ತಿಯ ಸಮಾಧಿ ಮಂದಿರವೇ ಮುಂದೆ ಕ್ರೈಸ್ತರ ಮಹಾದೇವಾಲಯವಾಯಿತು.

ಕೋಟೋರ್ ಬಿಡಬೇಕೆಂಬ ಕಡಲತಡಿಯವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಡುಬ್ರೋವ್ನಿಕ್‌ಗಿಂತ ಕೋಟೋರ್ ಕೊಲ್ಲಿಯೇ ನನಗೆ ಹೆಚ್ಚು ಪ್ರಿಯ, ಅದರಲ್ಲೂ ಪೆರಾಸ್ಟ್ ಎಂಬ ಪುಟ್ಟ ಊರು. ಡುಬ್ರೋವ್ನಿಕ್‌ಗೆ ವಿಹಾರ ಹಡಗುಗಳು ಬಂದು ನಿಂತಾಗ ಕೋಟೆಯ ಮುಖ್ಯ ಬೀದಿಯಲ್ಲಿ ಹೆಜ್ಜೆ ಇಡಲು ಜಾಗವಿರುವುದಿಲ್ಲ. ಅಲ್ಲಿ ತಂಗುವುದಾದರೆ ಕಾರನ್ನು ಊರು ಸೇರಿದ ದಿನವೇ ಹಿಂತಿರುಗಿಸಿಬಿಡಿ. ಕೋಟೆಯೊಳಗೆ ವಾಹನ ಬಿಡುವುದಿಲ್ಲ, ಹೊರಗೆ ನಿಲ್ಲಿಸುವ ಶುಲ್ಕ ವಿಪರೀತ.

ಕಡಲತಡಿ, ಕುಂದಾಪುರ

ಪೆರಾಸ್ಟ್‌ನ ಚೆಲುವಿನ ಬಗ್ಗೆ ನನಗೂ ತಕರಾರಿಲ್ಲ. ಆದರೆ ಗಡಿಯಲ್ಲಿ ಹೋಗುವಾಗ ಒಂದು ಸಾಲು, ಬರುವಾಗ ಒಂದು ಸಾಲು, ಬಾಡಿಗೆ ಕಾರಾದರೆ ಗಡಿ ದಾಟಲು ಪ್ರತ್ಯೇಕ ಅನುಮತಿ ಪತ್ರ, ಜೊತೆಗೆ ವೀಸಾದ ಪ್ರಶ್ನೆ. ಎರಡು ವಾರವಿರುವವರು ಒಂದೂವರೆ ದಿನವನ್ನು ಅದಕ್ಕೆ ಕೊಡುವ ಬದಲು ಸ್ಪ್ಲಿಟ್ ದಾಟಿದ ಮೇಲೆ ಡಿ-8ರಲ್ಲೇ ಸಿಗುವ ಮಕಾರ್ಸ್ಕ ಊರಿನ ಕಡೆಗೆ ಕೊಡಲಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಬಿಯೊಕೊವೊ ಪರ್ವತ ಸಮುದ್ರದ ಅಂಚಿನಿಂದಲೇ 1762 ಮೀಟರ್ ಎತ್ತರಕ್ಕೆ ಏಳುತ್ತದೆ. ಅದರ ತುದಿಯಾದ ಸ್ವೇತಿ ಯೂರೆವರೆಗೆ ಟಿಕೆಟ್ ಪಡೆದು ಕಾರಿನಲ್ಲೇ ಹೋಗಬಹುದಾದರೂ ಆ ರಸ್ತೆ ಒಂದೇ ವಾಹನದಷ್ಟು ಅಗಲ. ಎದುರು ಕಾರು ಬಂದರೆ ಯಾರಾದರೊಬ್ಬರು ಹಿಂದಕ್ಕೆ ಸರಿಯಲೇಬೇಕು. ಅಲ್ಲಿ ನಿಮ್ಮ ಗೆಳತಿಯೇ ಓಡಿಸಲಿ.

ಮಕಾರ್ಸ್ಕ ದಾಟಿದ ಮೇಲೆ ನೆರೆತ್ವ ನದಿಯ ಮುಖಜಭೂಮಿ ಬರುತ್ತದೆ. ಬೋಳು ಸುಣ್ಣಕಲ್ಲನ್ನೇ ನೋಡುತ್ತ ಬಂದವರಿಗೆ ಕಾಲುವೆಗಳ ನಡುವಿನ ಕಿತ್ತಳೆ ಜಾತಿಯ ಹಣ್ಣಿನ ತೋಟಗಳು ಇದ್ದಕ್ಕಿದ್ದಂತೆ ಎದುರಾಗುತ್ತವೆ, ರಸ್ತೆ ಬದಿಯಲ್ಲಿ ಹಣ್ಣು, ಜೇನು, ಅಂಜೂರ ಮಾರುತ್ತಾರೆ. ಅಲ್ಲಿಂದ ಮುಂದೆ ಮೊದಲು ಬೋಸ್ನಿಯಾದ ನೆಯುಮ್ ಊರನ್ನು ಹಾದು, ಕೆಲವೇ ಕಿಲೋಮೀಟರಿಗೆ ಎರಡು ಸಲ ಪಾಸ್‌ಪೋರ್ಟ್ ತೋರಿಸಬೇಕಿತ್ತು. 2022ರ ಜುಲೈ 26ರಂದು ಪೆಲ್ಯೆಶಾಟ್ಸ್ ಸೇತುವೆ ತೆರೆದ ಮೇಲೆ ಆ ತೊಡಕಿಲ್ಲ. 2404 ಮೀಟರ್ ಉದ್ದದ ಆ ಸೇತುವೆಗೆ ಸುಂಕವೂ ಇಲ್ಲ. ಸೇತುವೆಯಾಚೆ ಸ್ಟೋನ್ ಎಂಬ ಊರಿದೆ, ಅಲ್ಲಿ ಇಳಿಯದೆ ಮುಂದೆ ಹೋಗಬೇಡಿ. ಉಪ್ಪಿನ ಗದ್ದೆಗಳನ್ನು ಕಾಯುವುದಕ್ಕಾಗಿ ಡುಬ್ರೋವ್ನಿಕ್ ಗಣರಾಜ್ಯ 14ನೆಯ ಶತಮಾನದಲ್ಲಿ ಕಟ್ಟಲಾರಂಭಿಸಿದ ಗೋಡೆ ಬೆಟ್ಟವನ್ನು ಏರಿ ಇಳಿದು ಇನ್ನೊಂದು ಊರಿನವರೆಗೆ ಹೋಗುತ್ತದೆ. ಆ ಗದ್ದೆಗಳಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ನಿಮ್ಮ ಗೆಳತಿಗೆ ಗೋಡೆ ಸಿಕ್ಕಿತು, ನಿಮಗೆ ಪಕ್ಕದಲ್ಲೇ ಕೊಲ್ಲಿಯ ನೀರು.

ಈಜುವ ಬಗ್ಗೆ ಒಂದು ಎಚ್ಚರಿಕೆ. ಇದು ನಮ್ಮ ಮರವಂತೆಯ ಮರಳಲ್ಲ. ದಡವೆಲ್ಲ ಬೆಣಚುಕಲ್ಲು ಇಲ್ಲವೇ ಬಂಡೆ, ಬಂಡೆಗಳ ಸಂದಿನಲ್ಲಿ ಕಪ್ಪು ಮುಳ್ಳಿನ ಕಡಲ ಜೀವಿಗಳು ಕುಳಿತಿರುತ್ತವೆ. ನೀರಿನಲ್ಲಿ ಹಾಕಿಕೊಳ್ಳುವ ರಬ್ಬರ್ ಚಪ್ಪಲಿಗಳನ್ನು ಮೊದಲ ದಿನವೇ ಕೊಂಡುಕೊಳ್ಳಿ.

ಬಾಳೆಯೆಲೆ

ಊಟದ ವಿಷಯ. ಹೋಟೆಲ್ ಕೋಣೆಗಿಂತ ಅಡುಗೆಮನೆಯಿರುವ ಬಾಡಿಗೆ ಮನೆಗಳನ್ನು ಹಿಡಿಯಿರಿ. ಆ ದಡದುದ್ದಕ್ಕೂ ಮನೆಗಳ ಮುಂದೆ ಅಪಾರ್ಟ್‌ಮನಿ ಎಂಬ ಫಲಕ ಕಾಣುತ್ತದೆ. 2023ರ ಜುಲೈನಿಂದ ಅಂಗಡಿಗಳು ವರ್ಷಕ್ಕೆ 16 ಭಾನುವಾರ ಮಾತ್ರ ತೆರೆಯಬಹುದೆಂಬ ಕಾನೂನು ಬಂದಿದೆ. ಬೇಸಿಗೆ ಮುಗಿದ ಮೇಲೆ ಹೋಗುವ ನೀವು ಶನಿವಾರವೇ ತರಕಾರಿ, ಹಾಲು, ಮೊಸರು ತಂದಿಟ್ಟುಕೊಳ್ಳಬೇಕು.

ಹೊರಗೆ ತಿನ್ನುವಾಗ ಬ್ಲಿತ್ವ ಕೇಳಿ: ಸೊಪ್ಪು ಮತ್ತು ಆಲೂಗಡ್ಡೆಯನ್ನು ಬೇಯಿಸಿ ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ಅದು ಸಾಮಾನ್ಯವಾಗಿ ಮೀನಿನ ಜೊತೆಗೆ ಬರುವ ಪಲ್ಯ, ಆದರೆ ಅದೊಂದನ್ನೇ ಕೊಡಿ ಎಂದರೆ ಕೊಡುತ್ತಾರೆ. ಸ್ಪ್ಲಿಟ್ ಸುತ್ತಮುತ್ತ ಸೊಪಾರ್ನಿಕ್ ಸಿಗುತ್ತದೆ. ಎರಡು ತೆಳ್ಳನೆಯ ಹಿಟ್ಟಿನ ಹಾಳೆಗಳ ನಡುವೆ ಅದೇ ಸೊಪ್ಪನ್ನು ತುಂಬಿ ಕೆಂಡದ ಒಲೆಯಲ್ಲಿ ಸುಟ್ಟು, ಮೇಲೆ ಬೆಳ್ಳುಳ್ಳಿ ಎಣ್ಣೆ ಸವರಿ, ವಜ್ರದಾಕಾರದ ತುಂಡುಗಳಾಗಿ ಕತ್ತರಿಸಿ ಕೊಡುತ್ತಾರೆ, ಬಿಸಿಯಾಗಿದ್ದಾಗಲೇ ತಿನ್ನಬೇಕು. ಸೂಪುಗಳು ತರಕಾರಿಯದ್ದೆಂದು ಬರೆದಿದ್ದರೂ ಮಾಂಸದ ನೀರಿನಲ್ಲಿ ಮಾಡಿರಬಹುದು, ಕೇಳಿಯೇ ತೆಗೆದುಕೊಳ್ಳಿ. ಒಂದು ಡಬ್ಬಿ ಚಟ್ನಿಪುಡಿ, ಒಂದಿಷ್ಟು ಅವಲಕ್ಕಿ ಮೈಸೂರಿನಿಂದಲೇ ಬರಲಿ.

ಅಲೆಮಾರಿ, ಮೈಸೂರು

ಎಲ್ಲವನ್ನೂ ಓದಿ, ಇಬ್ಬರೂ ಕುಳಿತು ಮಾತಾಡಿ ಪಟ್ಟಿಯನ್ನು ಹೊಸದಾಗಿ ಬರೆದಿದ್ದೇವೆ. ಅವಳ ಕಾರು ಮ್ಯೂನಿಕ್‌ನಲ್ಲೇ ಇರುತ್ತದೆ; ರಿಯೇಕವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿ ಕಾರು ಬಾಡಿಗೆಗೆ ಪಡೆದು, ಡುಬ್ರೋವ್ನಿಕ್‌ನಲ್ಲಿ ಬಿಡುತ್ತೇವೆ. ಪ್ಲಿಟ್ವಿತ್ಸೆ, ಕೋರ್ಚುಲ, ಕೋಟೋರ್ ಈ ಸಲಕ್ಕಿಲ್ಲ. ಕಲ್ಲುಚಪ್ಪಡಿಯವರು ಬೇಸರಿಸಬಾರದು, ಪೆರಾಸ್ಟ್ ಬಿಡುವುದು ನನ್ನ ಗೆಳತಿಗೂ ಕಷ್ಟವಾಯಿತು. ಶಿಬೆನಿಕ್‌ಗೆ ಒಂದು ರಾತ್ರಿಯ ಬದಲು ಎರಡು ಕೊಟ್ಟು ಅವಳನ್ನು ಒಪ್ಪಿಸಿದ್ದೇನೆ.

ಉಳಿದದ್ದು ಹ್ವಾರ್ ಒಂದೇ. ಸ್ಪ್ಲಿಟ್‌ನಿಂದ ಕಾರಿನೊಡನೆ ಹಡಗಿನಲ್ಲಿ ಸ್ತಾರಿ ಗ್ರಾದ್‌ಗೆ ದಾಟಿ, ದ್ವೀಪದ ಉದ್ದಕ್ಕೂ ಸಾಗಿ, ಪೂರ್ವ ತುದಿಯ ಸುಚುರೈಯಿಂದ, ಮಕಾರ್ಸ್ಕ ದಾಟಿದ ಮೇಲೆ ದಡದಲ್ಲಿ ಸಿಗುವ ದ್ರ್‌ವೆನಿಕ್‌ಗೆ ಮರಳಿದರೆ ಹೇಗೆ ಎಂದು ಯೋಚನೆ. ಆದರೆ ಹಾಗೆ ಮಾಡಿದರೆ ಕಡಲತಡಿಯವರು ಅಷ್ಟು ಹೊಗಳಿದ ಮಕಾರ್ಸ್ಕ ತಪ್ಪಿಹೋಗುವುದಲ್ಲವೇ?

ಕಡಲತಡಿ, ಕುಂದಾಪುರ

ಹೌದು, ತಪ್ಪುತ್ತದೆ. ಆದ್ದರಿಂದ ಸ್ಪ್ಲಿಟ್‌ನಿಂದ ಡಿ-8ರಲ್ಲೇ ಒಮಿಶ್, ಮಕಾರ್ಸ್ಕ ನೋಡಿಕೊಂಡು ದ್ರ್‌ವೆನಿಕ್‌ವರೆಗೆ ಹೋಗಿ, ಅಲ್ಲಿಂದ ಸುಚುರೈಗೆ ದಾಟಿ, ಅದೇ ದೋಣಿಯಲ್ಲಿ ಹಿಂತಿರುಗಿ. ದಾಟಲು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಇಂಥ ಚಿಕ್ಕ ದೋಣಿಗಳಲ್ಲಿ ಟಿಕೆಟ್ ಕೈಯಲ್ಲಿದ್ದರೂ ಜಾಗ ಸಿಗುವುದು ಸಾಲಿನ ಕ್ರಮದಲ್ಲಿ, ಮುಂಚಿತವಾಗಿ ಹೋಗಿ ಕಾರನ್ನು ಸಾಲಿಗೆ ನಿಲ್ಲಿಸಿ. ಬೇಸಿಗೆಯ ವೇಳಾಪಟ್ಟಿ ಮುಗಿದ ಮೇಲೆ ದೋಣಿಗಳ ಸಂಖ್ಯೆ ಇಳಿಯುತ್ತದೆ. ಯಾದ್ರೊಲಿನಿಯ ಕಂಪನಿಯ ಪುಟದಲ್ಲಿ ನಿಮ್ಮ ದಿನಾಂಕವನ್ನೇ ಹಾಕಿ ಕೊನೆಯ ದೋಣಿ ಎಷ್ಟು ಗಂಟೆಗೆಂದು ಬರೆದಿಟ್ಟುಕೊಳ್ಳಿ.

ಸುಚುರೈಯಿಂದ ಪಶ್ಚಿಮಕ್ಕೆ ಹೋಗುವ ರಸ್ತೆ ಇಕ್ಕಟ್ಟು, ಸಂಜೆ ಎದುರು ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಬೆಳಗಿನ ದೋಣಿಗೇ ದಾಟಿದರೆ ಆ ಬಾಧೆಯಿಲ್ಲ. ಸ್ತಾರಿ ಗ್ರಾದ್‌ನಲ್ಲಿ ಎರಡು ರಾತ್ರಿ ತಂಗಿ, ಊರ ಹಿಂದಿನ ಬಯಲಿನಲ್ಲಿ ನಡೆಯಿರಿ. ಕ್ರಿ.ಪೂ. 4ನೆಯ ಶತಮಾನದಲ್ಲಿ ಬಂದ ಗ್ರೀಕರು ಅಳೆದು ಹಾಕಿದ ಹೊಲಗಳ ಗಡಿಗೋಡೆಗಳ ನಡುವೆ ಇಂದಿಗೂ ದ್ರಾಕ್ಷಿ, ಆಲಿವ್ ಬೆಳೆಯುತ್ತಾರೆ. ಸೆಪ್ಟೆಂಬರ್ ಕೊನೆಗೆ ದ್ರಾಕ್ಷಿಯ ಕುಯ್ಲು ನಡೆಯುತ್ತಿರಬಹುದು; ಹೊಲದ ದಾರಿಗಳಲ್ಲಿ ಟ್ರ್ಯಾಕ್ಟರುಗಳಿಗೆ ಅಡ್ಡವಾಗದಂತೆ ಕಾರನ್ನು ಊರಲ್ಲೇ ಬಿಟ್ಟು ನಡೆದೇ ಹೋಗಿ.